ಅನ್ನಾ ಕ್ಲಂಪ್ಕೆ ಬರೀ ವಾರಸುದಾರರಲ್ಲ

ಮಾನ್ಯ ಸಂಪಾದಕರೇ,

ಮಹಿಳಾ ಚಿತ್ರಕಾರರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಅನ್ನಾ ಕ್ಲಂಪ್ಕೆಯವರನ್ನು ‘ರೋಸಾ ಬೊನ್ಹರ್ ಅವರ ಆಸ್ತಿ ಪಡೆದವರು’ ಎಂದಷ್ಟೇ ಹೇಳಿ ಮುಗಿಸಿದೆ. ಬೊನ್ಹರ್ ಪ್ರಾಣಿಗಳ ಚಿತ್ರಕ್ಕೆ ಹೆಸರಾದ ಫ್ರೆಂಚ್ ಚಿತ್ರಕಾರ್ತಿ. ಅವರ ಆಸ್ತಿ ಬಂದದ್ದು 1899ರಲ್ಲಿ. ಕ್ಲಂಪ್ಕೆ ಭಾವಚಿತ್ರಕ್ಕೆ ಹೆಸರಾಗಿ ಆಗಲೇ ಹತ್ತು ವರ್ಷವಾಗಿತ್ತು.

1856ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಕ್ಲಂಪ್ಕೆ ಚಿತ್ರಕಲೆ ಕಲಿತದ್ದು ಪ್ಯಾರಿಸ್ಸಿನಲ್ಲಿ. ಅಲ್ಲಿನ ಸರ್ಕಾರಿ ಕಲಾಶಾಲೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1897ರಲ್ಲಿ. ಅದಕ್ಕೆ ಮೊದಲು ಜೂಲಿಯನ್ ಅಕಾಡೆಮಿಯಂಥ ಖಾಸಗಿ ಸ್ಟುಡಿಯೊಗಳೇ ಗತಿ. ಗಂಡಸರಿಗಿಂತ ಹೆಚ್ಚು ಶುಲ್ಕ ತೆರಬೇಕಿತ್ತು, ಆದರೆ ಜೀವಂತ ಮಾದರಿಯನ್ನು ಎದುರಿಗೆ ನಿಲ್ಲಿಸಿಕೊಂಡು ಮೈಕಟ್ಟು ಕಲಿಯಬಹುದಿತ್ತು. ಅದನ್ನು ಕಲಿಯದೆ ಮುಖ ಬರೆದರೆ ಹೋಲಿಕೆ ಬಂದೀತು, ಕತ್ತು ಮಾತ್ರ ಹೆಗಲ ಮೇಲೆ ಕೂರುವುದಿಲ್ಲ.

ಬಾಲ್ಯದಲ್ಲಿ ಬಿದ್ದು ಅವರ ಕಾಲು ಊನವಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ನಾಲ್ಕು ಸಲ ಕುಂಚ ಆಡಿಸಿ ಹಿಂದೆ ಸರಿದು ನೋಡುವುದೇ ಭಾವಚಿತ್ರದ ಕೆಲಸ. ಕ್ಯಾನ್ವಾಸಿಗೆ ಅಂಟಿಕೊಂಡು ಬರೆದರೆ ಕಣ್ಣು, ಮೂಗು ಬಿಡಿಬಿಡಿಯಾಗಿ ಸರಿಯಿದ್ದೂ ಮುಖದ ಅಳತೆ ಕೆಟ್ಟಿರುತ್ತದೆ.

1889ರಲ್ಲಿ ಅವರು ಮಹಿಳಾ ಮತಾಧಿಕಾರದ ನಾಯಕಿ ಎಲಿಜಬೆತ್ ಕೇಡಿ ಸ್ಟಾಂಟನ್ ಅವರ ಚಿತ್ರ ಬರೆದರು. ಅದೇ ವರ್ಷ, ಬಟ್ಟೆ ಒಗೆಯುವ ಹೆಂಗಸರ ಚಿತ್ರಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾ ಕಲಾ ಅಕಾಡೆಮಿಯ ಟೆಂಪಲ್ ಚಿನ್ನದ ಪದಕ ಬಂತು. ಆ ಪದಕ ಪಡೆದ ಮೊದಲ ಮಹಿಳೆ ಅವರೇ. ಬೊನ್ಹರ್ ಅವರನ್ನು ಮೊದಲು ಕಂಡದ್ದೂ ಆಗಲೇ, ಅಮೆರಿಕದ ಕುದುರೆ ವ್ಯಾಪಾರಿಯೊಬ್ಬನ ದುಭಾಷಿಯಾಗಿ ಹೋಗಿ.

1898ರಲ್ಲಿ ಫಾಂಟೆನ್‌ಬ್ಲೊ ಕಾಡಿನ ಹತ್ತಿರದ ಬೀ ಗ್ರಾಮಕ್ಕೆ ಹೋಗಿ 76ರ ಬೊನ್ಹರ್ ಅವರನ್ನು ಕೂರಿಸಿಕೊಂಡು ಬರೆದ ತೈಲಚಿತ್ರ ಸುಮಾರು 117 ಸೆಂ.ಮೀ. ಎತ್ತರ, 98 ಸೆಂ.ಮೀ. ಅಗಲ. ಅದರಲ್ಲಿ ನೋಡಬೇಕಾದ್ದು ಆ ನರೆಗೂದಲು. ಬಿಳಿ ಕೂದಲೆಂದು ಟ್ಯೂಬಿನ ಬಿಳಿಯನ್ನೇ ಹಚ್ಚಿದರೆ ತಲೆಗೆ ಹತ್ತಿ ಅಂಟಿಸಿದಂತಾಗುತ್ತದೆ. ಮೊದಲು ಬೂದು ಬಣ್ಣದಲ್ಲಿ ನೆರಳು ಕೂರಿಸಿ, ಬೆಳಕು ಬಿದ್ದ ಕಡೆಗಷ್ಟೇ ಕೊನೆಗೆ ಬಿಳಿ ಮುಟ್ಟಿಸಬೇಕು. ಪದರಗಳ ಲೆಕ್ಕವೂ ಇದೆ: ಕೆಳಗೆ ಟರ್ಪೆಂಟೈನ್ ಹಾಕಿ ತೆಳ್ಳಗೆ ಮಾಡಿದ ಬಣ್ಣ, ಮೇಲೆ ಹೋದಂತೆ ಅಗಸೆ ಎಣ್ಣೆ ಹೆಚ್ಚು. ಇದು ತಿರುವುಮುರುವಾದರೆ ಮೇಲಿನ ಪದರ ಮೊದಲು ಗಟ್ಟಿಯಾಗಿ, ಕೆಳಗಿನದು ನಿಧಾನವಾಗಿ ಒಣಗುತ್ತಾ ಸರಿದಾಡಿ, ಚಿತ್ರ ಬಿರುಕು ಬಿಡುತ್ತದೆ.

ಈ ಚಿತ್ರವನ್ನು 1922ರಲ್ಲಿ ಕ್ಲಂಪ್ಕೆಯವರೇ ಬೊನ್ಹರ್ ನೆನಪಿಗೆಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. ನೀವು ಅಚ್ಚು ಹಾಕಿದ್ದೂ ಇದನ್ನೇ, ಆದರೆ ಬರೆದವರ ಹೆಸರಿಲ್ಲದೆ, ಮುಖದ ಸುತ್ತ ಕತ್ತರಿಸಿ. ಕುದುರೆಗಳ ಚಿತ್ರ ಹೊತ್ತ ಈಸಲ್ (ಕ್ಯಾನ್ವಾಸ್ ನಿಲ್ಲಿಸುವ ಚೌಕಟ್ಟು) ಹೊರಗೆ ಉಳಿಯಿತು. ದಯವಿಟ್ಟು ಇನ್ನೊಮ್ಮೆ ಪೂರ್ತಿ ಪ್ರಕಟಿಸಿ. ಕೆಳಗೆ ಅನ್ನಾ ಕ್ಲಂಪ್ಕೆ, 1898 ಎಂದಿರಲಿ.

– ಇಬ್ಬರು ಚಿತ್ರಕಲಾ ಶಿಕ್ಷಕರು