ಒಂಟಿಕೊಂಬಿನ ಮುದ್ರೆಗೆ ಅವಸರದ ಅರ್ಥ ಬೇಡ

ಮಾನ್ಯರೇ,

ಸಿಂಧೂ ನಾಗರಿಕತೆಯ ಮುದ್ರೆಗಳ ಒಂಟಿಕೊಂಬಿನ ಪ್ರಾಣಿಗೂ ತಮಿಳುನಾಡಿನ ದನಗಳ ಹಬ್ಬ ಮಾಟ್ಟು ಪೊಂಗಲ್, ಜಲ್ಲಿಕಟ್ಟಿಗೂ ನೇರ ನಂಟು ಕಲ್ಪಿಸುವ ಬರಹಗಳಲ್ಲಿ ಊಹೆಯೇ ಸಾಕ್ಷ್ಯದ ಜಾಗದಲ್ಲಿ ಕುಳಿತಿದೆ. ಮೊಹೆಂಜೊದಾರೊದ ಮುದ್ರೆಯೊಂದರಲ್ಲಿ ಕೊಂಬಿನ ಪ್ರಾಣಿಯ ಸುತ್ತ ಮನುಷ್ಯರು ಚಿಮ್ಮಿ ಬೀಳುವಂತಹ ದೃಶ್ಯವಿರುವುದು ನಿಜ. ಪ್ರಾಚೀನ ತಮಿಳಿನ ಸಂಗಂ ಕಾವ್ಯದಲ್ಲಿ ಗೂಳಿ ತಬ್ಬುವ ವರ್ಣನೆಯೂ ಇದೆ. ಆದರೆ ನಡುವೆ ಒಂದೂವರೆ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಮುದ್ರೆಗಳ ಮೇಲಿನ ಲಿಪಿಯನ್ನಂತೂ ಇನ್ನೂ ಓದಲಾಗಿಲ್ಲ. 2025ರ ಜನವರಿಯಲ್ಲಿ ಆಗಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅದನ್ನು ಬಿಡಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ ಘೋಷಿಸಿದ್ದರು. ಕೊಂಬಿಗೆ ಬಣ್ಣ ಬಳಿದು ಎತ್ತಿಗೆ ಪೊಂಗಲ್ ತಿನ್ನಿಸುವ ಹಬ್ಬಕ್ಕೆ (ನಮ್ಮ ಸಂಕ್ರಾಂತಿಯ ಕಿಚ್ಚು ಹಾಯಿಸುವುದಕ್ಕೂ) 4,000 ವರ್ಷಗಳ ಪ್ರಮಾಣಪತ್ರ ಬೇಕಿಲ್ಲ. ಇಂಥ ಲೇಖನ ಪ್ರಕಟಿಸುವಾಗ ಮುದ್ರೆಯಲ್ಲಿ ಕಾಣುವುದೆಷ್ಟು, ಲೇಖಕರು ಊಹಿಸಿದ್ದೆಷ್ಟು ಎಂಬುದನ್ನು ಪತ್ರಿಕೆಗಳು ಬೇರೆ ಬೇರೆಯಾಗಿ ತಿಳಿಸಲಿ.

– ಒಬ್ಬ ಓದುಗ, ಮಂಡ್ಯ