ಡೈರಿಯಲ್ಲಿ ಖನಿಜ ಮಿಶ್ರಣವೂ ಸಿಗಲಿ

ಮಾನ್ಯರೇ,

ಒಣಹಾಕಿದ ಬಟ್ಟೆ, ಹಳೇ ಮೂಳೆ, ಸಿಕ್ಕಿದ್ದೆಲ್ಲ ಅಗಿಯುವ ದನವನ್ನು ‘ಕೆಟ್ಟ ಚಾಳಿ’ ಎಂದು ಬೈಯುತ್ತೇವೆ. ಹೆಚ್ಚಿನ ಸಲ ಅದು ರಂಜಕದ (ಫಾಸ್ಫರಸ್) ಕೊರತೆ. ಮಲೆನಾಡಿನ ಮಳೆಗೆ ಮಣ್ಣಿನ ಸುಣ್ಣದಂಶವೇ (ಕ್ಯಾಲ್ಸಿಯಂ) ತೊಳೆದು ಹೋಗುತ್ತದೆ, ಇನ್ನು ಹುಲ್ಲಿಗೆ ಎಲ್ಲಿಂದ ಬರಬೇಕು? ಮೇಲಿಂದ ಬರೀ ಭತ್ತದ ಹುಲ್ಲು ಬೇರೆ. ನಮ್ಮ ಮಲೆನಾಡು ಗಿಡ್ಡ ತಳಿಯ ದನ ಹೇಗೋ ಸುಧಾರಿಸೀತು. ಜಾಸ್ತಿ ಹಾಲು ಕೊಡುವ ಜರ್ಸಿ ಕರು ಹಾಕಿದ ಮೇಲೆ ಕಿವಿ ತಣ್ಣಗಾಗಿ, ಕುತ್ತಿಗೆ ಪಕ್ಕಕ್ಕೆ ಹೊರಳಿಸಿ ಮಲಗಿತೆಂದರೆ ಕ್ಯಾಲ್ಸಿಯಂ ಇಳಿದಿದೆ ಎಂದೇ ಲೆಕ್ಕ. ಕೂಡಲೇ ಡಾಕ್ಟರು ಬರಬೇಕು.

ಈ ಕೊರತೆ ತುಂಬಲು ದೊಡ್ಡ ಹಸುವಿಗೆ ದಿನಕ್ಕೆ 30ರಿಂದ 50 ಗ್ರಾಂ ಖನಿಜ ಮಿಶ್ರಣ ಹಿಂಡಿಗೆ ಕಲಸಬೇಕು. ನಮ್ಮೂರ ಡೈರಿಯಲ್ಲಿ ಹಿಂಡಿ ಮೂಟೆ ಉಂಟು, ಈ ಪುಡಿ ಕೇಳಿದರೆ ಮಾತ್ರ ‘ಮುಂದಿನ ವಾರ’. ಮಳೆಗಾಲದಲ್ಲಿ ಪೇಟೆಗೆ ಓಡುವುದು ಸುಲಭವಲ್ಲ, ಅಲ್ವಾ? ಹಾಲಿನ ಬಟವಾಡೆಯಲ್ಲೇ ದುಡ್ಡು ಹಿಡಿದು ಪುಡಿ ಕೊಡಲಿ.

– ಹೈನುಗಾರ, ತೀರ್ಥಹಳ್ಳಿ ತಾಲ್ಲೂಕು