ಘಾಟಿಗೆ ಹೊಸ ಡ್ರೈವರ್‌ನನ್ನು ಒಬ್ಬನನ್ನೇ ಬಿಟ್ಟವರು ಯಾರು?

ಮಾನ್ಯರೇ,

ಆಗುಂಬೆ ಘಾಟಿಯಲ್ಲಿ ಲಾರಿ ಸಿಕ್ಕಿಕೊಂಡ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿದೆ. ಆ ಫೋಟೊದಲ್ಲಿ ಹಿಂದೆ ಕಾಣುವ ಬಸ್ಸಿನಲ್ಲಿ ನಾನೂ ನಮ್ಮಮ್ಮನೂ ಇದ್ದೆವು. 'ಚಾಲಕನ ಅಜಾಗರೂಕತೆ' ಎಂದು ಬರೆದು ಮುಗಿಸಿದ್ದೀರಿ. ಅಷ್ಟು ಸುಲಭ ಅಲ್ಲ ಸ್ವಾಮಿ.

ಅಮ್ಮನ ಕಣ್ಣು ತೋರಿಸಲು ಮಣಿಪಾಲಕ್ಕೆ ಹೊರಟಿದ್ದೆವು. ಲಾರಿಯಿಂದ ರಸ್ತೆ ಬಂದ್ ಆಗಿ ಆಸ್ಪತ್ರೆಯ ಟೋಕನ್ ತಪ್ಪಿತು. ಕಾರಿನವರು ತಿರುಗಿಸಿಕೊಂಡು ಶೃಂಗೇರಿ ಮೇಲೆ ಕಾರ್ಕಳಕ್ಕೆ ಹೋದರು. ಬಸ್ಸಿನವರಿಗೆ ಆ ಭಾಗ್ಯ ಎಲ್ಲಿಂದ ಬರಬೇಕು? ಮನೆಗೆ ಹೇಳೋಣವೆಂದರೆ ಫೋನಿಗೆ ಸಿಗ್ನಲ್ ಇಲ್ಲ. ಹೆಂಗಸರಿಗೆ ಒಂದು ಶೌಚಾಲಯ ಇಲ್ಲ. ರಸ್ತೆಯಂಚಿಗೆ ಇಳಿದವರ ಕಾಲಿಗೆಲ್ಲ ಇಂಬಳ (ಜಿಗಣೆ). ಅಮ್ಮನಿಗೆ ಶುಗರ್ ಬೇರೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು. ತಂದಿದ್ದ ಬಾಳೆಹಣ್ಣು ಮಂಗಗಳ ಪಾಲಾಯಿತು.

ಜನ ಡ್ರೈವರ್ ಹುಡುಗನಿಗೆ ಬಾಯಿಗೆ ಬಂದಂತೆ ಬೈದರು. ಹರಿಹರದ ಕಡೆಯವನು. ಅಕ್ಕಿ ಲೋಡು. ಪಕ್ಕದಲ್ಲಿ ಕ್ಲೀನರ್ ಕೂಡ ಇಲ್ಲ. "ಅಣ್ಣಾ, ಘಾಟಿ ಇಳೀತಿರೋದು ಇದೇ ಮೊದಲು. ಲೈಸೆನ್ಸಿಗೆ ಕಲಿಸಿದ್ದು ಬಯಲಲ್ಲಿ, ಖಾಲಿ ಗಾಡೀಲಿ" ಎಂದ. ಡೀಸೆಲ್ ಜಾಸ್ತಿ ಕುಡಿದರೆ ಕಂಪನಿಯವರು ಸಂಬಳದಲ್ಲಿ ಮುರಿಯುತ್ತಾರಂತೆ. ಅದಕ್ಕೇ ಇಳಿಜಾರು ಬಂದ ಕೂಡಲೇ ನ್ಯೂಟ್ರಲ್, ಅಂದರೆ ಗೇರ್ ತೆಗೆದು ಗಾಡಿ ಉರುಳಲು ಬಿಡುವುದು. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಹಳೆ ಡ್ರೈವರ್‌ಗಳು ಮೊದಲ ದಿನವೇ ಹೇಳಿಕೊಡುತ್ತಿದ್ದರು. ಬರೀ ಬ್ರೇಕ್ ತುಳಿದರೆ ಅದು ಕಾದು ಹಿಡಿಯುವುದೇ ಇಲ್ಲ. ಇವನಿಗೆ ಹೇಳಲು ಯಾರಿದ್ದರು? ಬೇರೆ ರಾಜ್ಯಗಳಿಗೂ ಓಡುವ ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಡ್ರೈವರ್ ಇರಬೇಕೆಂಬ ನಿಯಮವನ್ನೂ 2018ರಲ್ಲಿ ತೆಗೆದು ಹಾಕಿದರು.

ನನ್ನ ಅಕ್ಕನ ಮಗನೂ ಹೆವಿ ಲೈಸೆನ್ಸ್ ಮಾಡಿಸಿ ಕೆಲಸ ಹುಡುಕುತ್ತಿದ್ದಾನೆ, ಹಾಗಾಗಿ ಈ ಸಂಗತಿ ಸ್ವಲ್ಪ ಗೊತ್ತು. ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೇಳಿದ್ದು ಎರಡೇ ಮಾತು. ಲೈಸೆನ್ಸ್ ಇದೆಯಾ? ಇವತ್ತು ರಾತ್ರಿ ಹೊರಡ್ತೀಯಾ? ಇನ್ನೊಂದು ಕಡೆ, ಮೂರು ತಿಂಗಳು ಹಳಬರ ಜೊತೆ ಓಡಾಡು, ಅಲ್ಲಿಯವರೆಗೆ ಅರ್ಧ ಬಾಟಾ (ದಿನದ ಭತ್ಯೆ) ಎಂದರು. ನಮ್ಮ ಹುಡುಗನಿಗೆ ಮೊದಲನೆಯದೇ ಇಷ್ಟ. ಪೂರ್ತಿ ಸಂಬಳ ಅಲ್ವಾ! ಪಕ್ಕದಲ್ಲಿ ಯಾರು ಕೂರುತ್ತಾರೆ ಕೇಳು, ಗಾಡಿಯ ಎಫ್‌ಸಿ (ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್), ಇನ್ಶೂರೆನ್ಸ್ ನೋಡು, ಕೇಸಾದರೆ ಲಾಯರ್ ಖರ್ಚು ಯಾರದು ಕೇಳು ಎಂದು ಹೇಳಿದ್ದೇನೆ. ಕೇಳಿದರೆ ಕೆಲಸವೇ ಕೊಡಲ್ಲ ಮಾಮ ಅನ್ನುತ್ತಾನೆ.

ಕಾಗದದ ಮೇಲೆ ನಮ್ಮಲ್ಲಿ ಏನಿಲ್ಲ ಹೇಳಿ? ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಿ ಭಾರೀ ವಾಹನಕ್ಕೆ 6 ವಾರ, 38 ಗಂಟೆ ಕಲಿಸಬೇಕು ಎಂದು 2021ರಲ್ಲೇ ನಿಯಮ ಬಂದಿದೆ. ಡ್ರೈವರ್‌ಗಳಿಗೆ ದಿನಕ್ಕೆ 8 ಗಂಟೆ ದುಡಿಮೆ ಎಂಬ ನಿಯಮ 1961ರ ಕಾಯ್ದೆಯಲ್ಲೇ ಬಂದಿತ್ತು. ಲಾರಿಯ ಆ ಹುಡುಗ ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ. ಮಳೆಗಾಲ ಬಂದರೆ ಘಾಟಿಯಲ್ಲಿ ಭಾರೀ ವಾಹನ ಬಂದ್ ಎಂಬ ಆದೇಶವೂ ಹೊರಡುತ್ತದೆ. ಅಷ್ಟು ದೊಡ್ಡ ಲಾರಿ ಯಾರ ಕಣ್ಣಿಗೂ ಬೀಳದೆ ಘಾಟಿಯವರೆಗೆ ಬಂತು ಅಂದರೆ, ನಮ್ಮ ಅಧಿಕಾರಿಗಳಿಗೂ ಒಂದು ಟೋಕನ್ ತೆಗೆಸಿ ಕಣ್ಣು ತೋರಿಸಬೇಕು.

ಇವರ ಕೆಲಸವೇ ಹೀಗೆ. ಕುಸಿದ ತಡೆಗೋಡೆ ಕಟ್ಟಿ ಎಂದರೆ ಮರಳಿನ ಚೀಲ ಇಡುತ್ತಾರೆ. ಸುರಂಗ ಮಾಡ್ತೀವಿ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ನಮ್ಮೂರ ಮೋರಿ ಬಗ್ಗೆ ಕೊಟ್ಟ ಅರ್ಜಿ ಯಾವ ಟೇಬಲ್ಲಿನಲ್ಲಿದೆಯೋ ದೇವರೇ ಬಲ್ಲ. ತೀರ್ಥಹಳ್ಳಿಗೆ ಹೋಗಿ ಕೇಳಿದರೆ ಶಿವಮೊಗ್ಗ, ಶಿವಮೊಗ್ಗಕ್ಕೆ ಹೋದರೆ ಸಾಹೇಬರು ಮೀಟಿಂಗ್.

ಈಗ ಏನಾದರೂ ಮಾಡಲೇಬೇಕು. ಘಾಟಿಯಲ್ಲಿ ಲಾರಿ ಪೂರ್ತಿ ನಿಲ್ಲಿಸಿ. ಇಲ್ಲವೇ ಹೊಸ ಹುಡುಗರಿಗೆ ಲೋಡ್ ಗಾಡಿಯಲ್ಲೇ ಘಾಟಿ ಕಲಿಸಿ, ಆಮೇಲೆ ಲೈಸೆನ್ಸ್ ಕೊಡಿ. ಎರಡೂ ಮಾಡಿದರೆ ಇನ್ನೂ ಒಳ್ಳೆಯದು. ಹುಡುಗನ ಮೇಲೆ ಕೇಸ್ ಹಾಕಿದ್ದಾಯಿತಲ್ಲ, ಲಾರಿ ಕಳಿಸಿದ ಮಾಲೀಕರು ಎಲ್ಲಿದ್ದಾರೆ? ಹೊಸಬನ ಪಕ್ಕ ಒಬ್ಬ ಹಳಬನನ್ನು ಕೂರಿಸಲು ದುಡ್ಡಿಲ್ಲದವರಿಗೆ ಲಾರಿ ವ್ಯಾಪಾರ ಯಾಕೆ ಬೇಕಿತ್ತು?

– ನೊಂದ ಪ್ರಯಾಣಿಕ, ತೀರ್ಥಹಳ್ಳಿ ತಾಲ್ಲೂಕು